ಮಗ ಗೋಲ್ ಕೀಪರ್ ಆಗಿದ್ದರೆ ಜಾಗ ಬದಲಾಯಿಸಬೇಡಿ

ಎಲ್ಲರಿಗೂ ನಮಸ್ಕಾರ. ರಜೆಗೆ ಮಗಳನ್ನು ಕರೆದುಕೊಂಡು ನ್ಯೂಜೆರ್ಸಿಯಿಂದ ಚಿಕ್ಕಮಗಳೂರಿಗೆ ಬಂದಿದ್ದೇನೆ. ಗುಂಪಿನ ಮಾತುಕತೆಯನ್ನು ಇಲ್ಲಿಂದಲೇ ಓದುತ್ತಿದ್ದೇನೆ. "ಮಗ ಸಾಕರ್ (ಫುಟ್‌ಬಾಲ್) ಟೀಮಿನಲ್ಲಿ ಗೋಲ್ ಕೀಪರ್. ಸೋತ ದಿನ ಕಾರಿನಲ್ಲಿ ತುಟಿ ಬಿಚ್ಚಲ್ಲ. ಕೋಚ್‌ಗೆ ಹೇಳಿ ಬೇರೆ ಕಡೆ ಆಡಿಸಲಾ?" ಅಂತ ಒಬ್ಬ ತಂದೆ ಕೇಳಿದ್ದರಲ್ಲ, ಅದಕ್ಕೆ ತುಂಬಾ ಜನ ಹೂಂ ಅಂದಿದ್ದೀರಿ. ನಾನು ಬೇಡ ಅನ್ನುತ್ತೇನೆ. ನನ್ನ ಮಗಳೂ ಕೀಪರ್. ಅವಳೂ ಹಾಗೇ ಮುಖ ಊದಿಸಿಕೊಂಡು ಮನೆಗೆ ಬಂದಿದ್ದಾಳೆ.

ಆ ಹುಡುಗನಿಗೆ ಮೊದಲು ಒಂದು ಪಂದ್ಯ ತೋರಿಸಿ. 2014ರ ವಿಶ್ವಕಪ್, ಜುಲೈ 1, ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಅಮೆರಿಕ ಮತ್ತು ಬೆಲ್ಜಿಯಂ ಆಡಿದ್ದು. ಅಮೆರಿಕದ ಗೋಲಿನಲ್ಲಿ ಟಿಮ್ ಹೊವಾರ್ಡ್. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವರು, ತಾಯಿ ಹಂಗೇರಿಯಿಂದ ವಲಸೆ ಬಂದವರು. ಚಿಕ್ಕಂದಿನಿಂದ ಟುರೆಟ್ ಸಿಂಡ್ರೋಮ್ (ಮೈ, ಮುಖ ತಾನಾಗೇ ಅದುರುವ ನರದ ತೊಂದರೆ) ಇಟ್ಟುಕೊಂಡೇ ಆಡಿದವರು. ಅವತ್ತು ಬೆಲ್ಜಿಯಂನವರು ಒಂದೇ ಸಮನೆ ನುಗ್ಗಿದರು. ಹೊವಾರ್ಡ್ ಕೈಗೆ ಸಿಗದ್ದನ್ನು ಕಾಲಿನಲ್ಲಿ ತಡೆದರು. 90 ನಿಮಿಷ ಮುಗಿದಾಗ ಸ್ಕೋರ್ 0-0! ಹೆಚ್ಚುವರಿ ಸಮಯದಲ್ಲಿ ಬೆಲ್ಜಿಯಂನ ಡಿ ಬ್ರೂಯ್ನ ಮತ್ತು ಲುಕಾಕು ಗೋಲು ಹೊಡೆದರು, ಅಮೆರಿಕ 1-2ರಲ್ಲಿ ಸೋತಿತು. ಅವತ್ತಿನ ಲೆಕ್ಕಕ್ಕೆ ಹೊವಾರ್ಡ್ ಮಾಡಿದ ಸೇವ್, ಅಂದರೆ ಗೋಲಾಗದಂತೆ ತಡೆದ ಹೊಡೆತ, 16. ವಿಶ್ವಕಪ್‌ನಲ್ಲಿ 1966ರಿಂದ ಇಟ್ಟ ಲೆಕ್ಕದಲ್ಲಿ ಒಂದೇ ಪಂದ್ಯದಲ್ಲಿ ಅಷ್ಟು ಯಾರೂ ಮಾಡಿರಲಿಲ್ಲ. ಸೋತ ಟೀಮಿನ ಕೀಪರ್ ಅವರು. ಆ ಪಂದ್ಯ ಅಂದರೆ ಇವತ್ತಿಗೂ ಮೊದಲು ನೆನಪಾಗುವುದು ಅವರೇ.

ಇನ್ನೊಂದು ನಮ್ಮದೇ ಪಂದ್ಯ. ಇದನ್ನು ನನ್ನ ಮಗಳಿಗೆ ತೋರಿಸಿದ್ದು ಅಣ್ಣನ ಮಗ. ಅವನು ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಟೀಮ್ ಅಂದರೆ ಊಟ ಬಿಡುವ ಹುಡುಗ. 2019ರ ಸೆಪ್ಟೆಂಬರ್ 10, ದೋಹಾ, ಭಾರತ ಮತ್ತು ಕತಾರ್ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯ. ಕತಾರ್ ಅದೇ ವರ್ಷ ಏಷ್ಯಾ ಚಾಂಪಿಯನ್ ಆಗಿತ್ತು. ನಮ್ಮ ಟೀಮಿನ ನಾಯಕ ಸುನಿಲ್ ಚೆಟ್ರಿ ಇಲ್ಲ, ಅವರಿಗೆ ಹುಷಾರಿರಲಿಲ್ಲ. ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರೇ ಅವತ್ತು ನಾಯಕ. ಕತಾರ್ ಆಟಗಾರರು ಎಡದಿಂದ, ಬಲದಿಂದ, ದೂರದಿಂದ ಹೊಡೆದರು. ಒಂದೂ ಒಳಗೆ ಹೋಗಲಿಲ್ಲ. 0-0. ಭಾರತ ಗೋಲು ಹೊಡೆಯದೇ ಇದ್ದ ಪಂದ್ಯಕ್ಕೆ ನಮ್ಮ ಮಕ್ಕಳು ಮೊಬೈಲ್ ಮುಂದೆ ಕೂತು ಕಿರುಚಿದ್ದನ್ನು ನೀವು ನೋಡಬೇಕಿತ್ತು. ಅದೇ ಗುರ್‌ಪ್ರೀತ್ 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ ಕುವೈತ್‌ನ ಕೊನೆಯ ಪೆನಾಲ್ಟಿ ತಡೆದು ಸ್ಯಾಫ್ ಕಪ್ (ದಕ್ಷಿಣ ಏಷ್ಯಾದ ಫುಟ್‌ಬಾಲ್ ಕಪ್) ಗೆಲ್ಲಿಸಿದರು. ಎಲ್ಲರೂ ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ನನಗೆ ದೋಹಾದ ಆಟವೇ ಜಾಸ್ತಿ ದೊಡ್ಡದು.

ಇಲ್ಲಿ ನಮ್ಮ ಕಾಫಿ ಒಣಗಿಸುವ ಕಣ ಈಗ ಖಾಲಿ. ಮಳೆ ಹೊಳವಾದ ಕೂಡಲೇ ಮಕ್ಕಳೆಲ್ಲ ಚೆಂಡು ತಗೊಂಡು ಅಲ್ಲಿಗೆ ಇಳಿಯುತ್ತಾರೆ. ಸಿಮೆಂಟಿನ ನೆಲ, ಅಂಚಿನಲ್ಲೆಲ್ಲ ಪಾಚಿ. ಡೈವ್ ಹೊಡೆದರೆ ಮೊಣಕೈ ಚರ್ಮ ಕಿತ್ತು ಬರುತ್ತದೆ. ನ್ಯೂಜೆರ್ಸಿಯಲ್ಲಿ ಮೆತ್ತನೆ ಹುಲ್ಲಿನ ಮೇಲೆ ಹಾರಿ ಅಭ್ಯಾಸವಾದ ಮಗಳಿಗೆ ಮೊದಮೊದಲು ಏನೂ ತೋಚಲಿಲ್ಲ. "ಬೀಳ್ಬೇಡ, ಮುಂದಕ್ಕೆ ಬಾ" ಅಂತ ಅಣ್ಣನ ಮಗ ಕೂಗುತ್ತಿದ್ದ. ಕೀಪರ್ ಗೆರೆ ಮೇಲೇ ನಿಂತರೆ ಹೊಡೆಯುವವನಿಗೆ ಎರಡೂ ಬದಿ ಜಾಗ ಕಾಣುತ್ತದೆ. ನಾಲ್ಕು ಹೆಜ್ಜೆ ಮುಂದೆ ಬಂದರೆ ಅದು ಕಿರಿದಾಗುತ್ತದೆ. ಮಗಳು ಈಗ ಬೀಳದೆ, ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ ಎದುರಿಗೆ ಬರುತ್ತಾಳೆ.

2022ರ ವಿಶ್ವಕಪ್ ಫೈನಲ್‌ನ ಕೊನೆ ಗಳಿಗೆಯಲ್ಲಿ ಅರ್ಜೆಂಟೀನಾದ ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಮಾಡಿದ್ದೂ ಇದನ್ನೇ ಅಲ್ವಾ? 3-3, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. ಫ್ರಾನ್ಸ್‌ನ ಕೊಲೊ ಮುವಾನಿ ಒಬ್ಬರೇ ಎದುರಿಗೆ. ಮಾರ್ಟಿನೆಜ್ ಮುಂದೆ ಬಂದರು, ಆತುರಪಟ್ಟು ಮೊದಲೇ ಬೀಳಲಿಲ್ಲ, ಎಡಗಾಲು ಚಾಚಿದರು. ಚೆಂಡು ಅದಕ್ಕೇ ಬಡಿಯಿತು. ಆಮೇಲೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4-2ರಿಂದ ಗೆದ್ದಿತು.

ಓದಿಗೆ ತೊಂದರೆ ಆಗುತ್ತೆ ಅಂತಲೂ ಕೆಲವರು ಬರೆದಿದ್ದೀರಿ. ಅದಕ್ಕೆ ಐಸ್‌ಲ್ಯಾಂಡ್ ದೇಶದ ಕೀಪರ್ ಒಬ್ಬರ ಕತೆ ಕೇಳಿ.  ಆ ಪುಟ್ಟ ದೇಶ 2018ರಲ್ಲಿ ಮೊದಲ ಬಾರಿ ವಿಶ್ವಕಪ್‌ಗೆ ಬಂದು ಅರ್ಜೆಂಟೀನಾ ಜೊತೆ 1-1 ಸಮ ಮಾಡಿಕೊಂಡಿತು. ಅವತ್ತು ಮೆಸ್ಸಿಯ ಪೆನಾಲ್ಟಿ ತಡೆದ ಆ ಕೀಪರ್ ಹಾನೆಸ್ ಹಾಲ್ಡೊರ್ಸನ್ ಚಿತ್ರ ನಿರ್ದೇಶಕರೂ ಹೌದು. ಮೆಸ್ಸಿಯ ಹಳೆ ಪೆನಾಲ್ಟಿಗಳನ್ನೆಲ್ಲ ನೋಡಿಕೊಂಡೇ ಅವರು ಮೈದಾನಕ್ಕೆ ಇಳಿದಿದ್ದರು. ಇದೂ ಓದೇ.

ಆ ತಂದೆಗೆ ಒಂದು ಮಾತು ಹೇಳ್ತೀನಿ. ವಾಪಸ್ ಬರುವಾಗ ಕಾರಿನಲ್ಲಿ ಎಷ್ಟು ಗೋಲು ಹೋಯ್ತು ಅಂತ ಕೇಳಬೇಡಿ. ಅವನು ತಡೆದ ಒಂದು ಚೆಂಡನ್ನು ನೀವು ಚೆನ್ನಾಗಿ ನೋಡಿಕೊಂಡಿರಿ. ಎಲ್ಲಿ ನಿಂತಿದ್ದ, ಯಾವ ಕೈ ಚಾಚಿದ ಅಂತ ಸರಿಯಾಗಿ ಹೇಳಿ. ಸುಮ್ನೆ "ಚೆನ್ನಾಗಿ ಆಡಿದೆ ಪುಟ್ಟ" ಅಂದರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಬೇರೆಯವರ ಅಪ್ಪ ಅಮ್ಮ ಬದಿಯಲ್ಲಿ ನಿಂತು ಕೀಪರ್ ಮೇಲೆ ಕೂಗಾಡಿದರೆ ನೀವೇ ಕೋಚ್ ಹತ್ತಿರ ಹೇಳಿ, ಅದನ್ನು ಮಗುವಿಗೆ ಬಿಡಬೇಡಿ.

ನಾವು ಆಗಸ್ಟ್ ಕೊನೆಗೆ ನ್ಯೂಜೆರ್ಸಿಗೆ ವಾಪಸ್ ಬರುತ್ತೇವೆ. ಆ ಕಡೆ ಇನ್ಯಾರ ಮಕ್ಕಳು ಗೋಲಿನಲ್ಲಿ ನಿಲ್ಲುತ್ತಾರೆ ಅಂತ ಇಲ್ಲೇ ಬರೆಯಿರಿ. ಭಾನುವಾರ ಬೆಳಗ್ಗೆ ಕೀಪರ್ ಮಕ್ಕಳನ್ನಷ್ಟೇ ಸೇರಿಸಿ ಅಭ್ಯಾಸ ಮಾಡಿಸೋಣ. ಚೆಂಡು ಹೊಡೆಯೋಕೆ ನಮ್ಮ ಮನೆಯವರು ಸಿದ್ಧ.