ಯಾರೂ ಬಟನ್ ಒತ್ತದ ಕುಸ್ತಿ ಲೀಗ್: ನಿಯಮಗಳನ್ನು ಕುರಿತ ಚರ್ಚೆ

ಸೂತ್ರಧಾರ:
ಫೈರ್ ಪ್ರೋ ರೆಸ್ಲಿಂಗ್ ವರ್ಲ್ಡ್ ಆಟದಲ್ಲಿ ನಮ್ಮ ಬಳಗದವರೇ ಸೇರಿ ಒಂದು ಲೀಗ್ ನಡೆಸಬೇಕೆಂಬ ಮಾತು ಬಹಳ ದಿನಗಳಿಂದ ಇದೆ. ಈ ಸಲ ನಿಯಮಗಳನ್ನಾದರೂ ಗೊತ್ತು ಮಾಡಿಕೊಳ್ಳೋಣವೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಆಟದ ಪರಿಚಯವಿಲ್ಲದವರಿಗೆ ಚಿಕ್ಕದಾಗಿ ಹೇಳುವುದಾದರೆ, ಇದು 1989ರಲ್ಲಿ ಜಪಾನಿನಲ್ಲಿ ಆರಂಭವಾದ ಸರಣಿಯ ಆಟ. ಸ್ಪೈಕ್ ಚುನ್‌ಸಾಫ್ಟ್ ಇದನ್ನು 2017ರಲ್ಲಿ ಆನ್‌ಲೈನ್ ಆಟದಂಗಡಿ ಸ್ಟೀಮ್‌ಗೆ ತಂದಿತು. ಇದರಲ್ಲಿ ಪೈಲ್ವಾನರನ್ನು ನಾವೇ ರೂಪಿಸಬಹುದು. ವೇಷಭೂಷಣ, ಪಟ್ಟುಗಳು, ಬಲಾಬಲ ಇವಿಷ್ಟೇ ಅಲ್ಲದೆ ಯಾವ ಸಂದರ್ಭದಲ್ಲಿ ಯಾವ ಪಟ್ಟನ್ನು ಶೇಕಡಾ ಎಷ್ಟು ಸಲ ಹಾಕಬೇಕು ಎಂಬ 'ಲಾಜಿಕ್' ಅನ್ನೂ ಬರೆದಿಡಬಹುದು. ಬಳಿಕ ಇಬ್ಬರನ್ನು ರಿಂಗಿಗೆ ಬಿಟ್ಟು, ಕಂಪ್ಯೂಟರೇ ಇಬ್ಬರನ್ನೂ ಆಡಿಸುವಾಗ ನಾವು ನೋಡುತ್ತ ಕೂರುವುದೇ ಲೀಗ್.

ಹದಿನಾರು ಮಂದಿಯನ್ನು ಎಂಟೆಂಟರ ಎರಡು ಗುಂಪು ಮಾಡಿ, ಗುಂಪಿನೊಳಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಸೆಣಸಿದರೆ ಗುಂಪಿಗೆ 28ರಂತೆ 56 ಪಂದ್ಯಗಳಾಗುತ್ತವೆ, ಕೊನೆಗೆ ಫೈನಲ್. ವಾರಕ್ಕೆ ಎಂಟು ಪಂದ್ಯಗಳಂತೆ ಏಳು ವಾರ ಸಾಕು. ಶನಿವಾರ ರಾತ್ರಿ ಒಂಬತ್ತಕ್ಕೆ ನೇರಪ್ರಸಾರ ಮಾಡಿದರೆ ಲಂಡನ್‌ನಲ್ಲಿರುವವರಿಗೆ ಬೇಸಿಗೆಯಲ್ಲಿ ಸಂಜೆ ನಾಲ್ಕೂವರೆ, ನ್ಯೂಯಾರ್ಕಿನವರಿಗೆ ಬೆಳಗಿನ ಹನ್ನೊಂದೂವರೆ. ಗೆಲುವಿಗೆ 2, ಡ್ರಾ ಆದರೆ 1 ಅಂಕ. ನಿಮ್ಮ ಅಭಿಪ್ರಾಯ ತಿಳಿಸಿ.

ಹಳೇಟೇಪು:
ವೇಳಾಪಟ್ಟಿಗೆ ನನ್ನ ತಕರಾರಿಲ್ಲ, ಫಲಿತಾಂಶವನ್ನು ಯಂತ್ರಕ್ಕೆ ಬಿಡುವುದಕ್ಕೆ ಇದೆ. 1990ರ ದಶಕದಿಂದಲೂ ಇಮೇಲ್ ಮೂಲಕ, ಅದಕ್ಕೂ ಮುಂಚೆ ಅಂಚೆಯ ಮೂಲಕ ನಡೆದುಕೊಂಡು ಬಂದ ಕಲ್ಪಿತ ಕುಸ್ತಿ ಲೀಗುಗಳಲ್ಲಿ ಸದಸ್ಯರು ತಮ್ಮ ಪೈಲ್ವಾನನ ಬಾಯಿಂದ ಸವಾಲನ್ನೂ ಮೂದಲಿಕೆಯನ್ನೂ ಆಡಿಸಿ ಬರೆದು ಕಳಿಸುತ್ತಿದ್ದರು, ಚೆನ್ನಾಗಿ ಬರೆದವನ ಪೈಲ್ವಾನ್ ಗೆಲ್ಲುತ್ತಿದ್ದ. ರಾತ್ರಿಯೆಲ್ಲ ಕೂತು ಬರೆದವನ ಪೈಲ್ವಾನನು ಒಂದು ಸಾಲನ್ನೂ ಬರೆಯದವನ ಪೈಲ್ವಾನನ ಮುಂದೆ ಎರಡೇ ನಿಮಿಷದಲ್ಲಿ ಚಿತ್ ಆದರೆ, ಮುಂದಿನ ವಾರ ಬರೆಯುವ ಉತ್ಸಾಹ ಯಾರಿಗೆ ಉಳಿದೀತು? ಬರವಣಿಗೆ ಸತ್ತರೆ ಉಳಿಯುವುದು ಬರೀ ಅಂಕಪಟ್ಟಿ.

ಲೆಕ್ಕಿಗ:
ಹಳೇಟೇಪು ಅವರೇ, ನೀವು ಹೇಳುವ ಕ್ರಮದಲ್ಲಿ ಒಬ್ಬ ತೀರ್ಪುಗಾರ ಬೇಕು, ಅವನೂ ನಮ್ಮ ನಡುವಿನವನೇ ಆಗಿರುತ್ತಾನೆ. ತನ್ನ ಗೆಳೆಯನ ಬರಹಕ್ಕೆ ಅವನು ಹೆಚ್ಚು ಅಂಕ ಕೊಟ್ಟನೆಂಬ ಗುಸುಗುಸು ಮೂರನೇ ವಾರದೊಳಗೆ ಎದ್ದೇ ಏಳುತ್ತದೆ. ಯಂತ್ರಕ್ಕೆ ಗೆಳೆಯರಿಲ್ಲ. ಪಂದ್ಯದ ಫಲಿತಾಂಶ ಬಂದ ಮೇಲೆ ಬರೆಯಿರಿ; ಸೋತವನ ಕೋಪ, ಗೆದ್ದವನ ಸೊಕ್ಕು, ಹೊಸ ಹಗೆ, ಮುರಿದ ಜೊತೆಗಾರಿಕೆ ಎಲ್ಲಕ್ಕೂ ಆಗಲೇ ನಿಜವಾದ ಕಾರಣ ಸಿಗುತ್ತದೆ.

ಡ್ರಾಕ್ಕೆ ಅಂಕ ಕೊಡುವ ವಿಚಾರದಲ್ಲಿ ಮಾತ್ರ ಸೂತ್ರಧಾರರನ್ನು ನಾನು ಒಪ್ಪುವುದಿಲ್ಲ. ಜಪಾನಿನ ವೃತ್ತಿಪರ ಕುಸ್ತಿ ಪಂದ್ಯಾವಳಿ ಜಿ1 ಕ್ಲೈಮ್ಯಾಕ್ಸ್‌ನಲ್ಲಿ ಇದೇ ಪದ್ಧತಿ ಇದೆ ನಿಜ, ಆದರೆ ಅಲ್ಲಿ ಡ್ರಾ ಯಾವಾಗ ಆಗಬೇಕೆಂದು ಮೊದಲೇ ಗೊತ್ತು ಮಾಡುವವರಿದ್ದಾರೆ. ನಮ್ಮಲ್ಲಿ ರಕ್ಷಣೆಯ ಅಂಕಗಳನ್ನೆಲ್ಲ ಮೇಲಕ್ಕೇರಿಸಿ, ಲಾಜಿಕ್‌ನಲ್ಲಿ ಸಣ್ಣ ಪಟ್ಟುಗಳನ್ನೇ ತುಂಬಿ, ವೇಳೆ ಮುಗಿಯುವವರೆಗೆ ಎಳೆಯುವ ಪೈಲ್ವಾನನನ್ನು ಯಾರಾದರೂ ಮಾಡಿಯೇ ಮಾಡುತ್ತಾರೆ. 1910ರಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನನ ಎದುರು ಪೋಲೆಂಡಿನ ಜ್ಬಿಸ್ಕೊ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ನೆಲ ಕಚ್ಚಿಕೊಂಡೇ ಇದ್ದು ಪಂದ್ಯವನ್ನು ಡ್ರಾ ಮಾಡಿಕೊಂಡ ಕತೆ ಎಲ್ಲರಿಗೂ ಗೊತ್ತಿದೆ. 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಎದುರಾದಾಗ ಜ್ಬಿಸ್ಕೊ ಒಂದು ನಿಮಿಷವೂ ನಿಲ್ಲಲಿಲ್ಲ. ನೆಲ ಕಚ್ಚಿದವನಿಗೆ ಅಂಕ ಕೊಡುವ ನಿಯಮ ನಮಗೆ ಬೇಡ, ಡ್ರಾ ಆದರೆ ಇಬ್ಬರಿಗೂ ಸೊನ್ನೆ.

ಮಟ್ಟಿಮಣ್ಣು:
ಮೈಸೂರಿನ ದಸರಾ ಕುಸ್ತಿಯನ್ನು ನೋಡಿಕೊಂಡು ಬೆಳೆದವನಾಗಿ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಪಂದ್ಯಗಳಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯವಿರುತ್ತದೆ. ಪೈಲ್ವಾನರು ಎದುರು ಬದುರು ನಿಲ್ಲುತ್ತಾರೆ, ಹಿರಿಯರು ಮೈಕಟ್ಟು, ವಯಸ್ಸು, ಹಿಂದಿನ ಕುಸ್ತಿಗಳನ್ನು ತೂಗಿ ನೋಡಿ, ಸಮಜೋಡಿ ಎನಿಸಿದರೆ ಕೈ ಕೂಡಿಸುತ್ತಾರೆ. ಇದೆಲ್ಲ ಎಲ್ಲರ ಎದುರಿಗೇ ನಡೆಯುತ್ತದೆ. ನಮ್ಮ ಗುಂಪುಗಳನ್ನೂ ಹಾಗೆಯೇ ನೇರಪ್ರಸಾರದಲ್ಲಿ, ಬಲಾಬಲದ ಒಟ್ಟು ಅಂಕಗಳನ್ನು ಮುಂದಿಟ್ಟುಕೊಂಡು ಮಾಡಬೇಕು. ಬರೀ ಚೀಟಿ ಎತ್ತಿದರೆ ಬಲಶಾಲಿಗಳೆಲ್ಲ ಒಂದೇ ಗುಂಪಿಗೆ ಬಂದು ಇನ್ನೊಂದು ಗುಂಪು ಸಪ್ಪೆಯಾಗಿಬಿಡಬಹುದು. ಡ್ರಾ ಕುರಿತು ಲೆಕ್ಕಿಗರ ಮಾತು ಸರಿ. ಬೇಕಿದ್ದರೆ ಫೈನಲ್ಲನ್ನು ವೇಳೆಯ ಮಿತಿಯಿಲ್ಲದೆ ಬಿಡಿ.

ಕಡಲಾಚೆ:
ನೀವೆಲ್ಲರೂ ಅಂಕಗಳ ಬಗ್ಗೆ ಮಾತಾಡುತ್ತಿದ್ದೀರಿ, ನನ್ನ ಚಿಂತೆ ಬೇರೆ. ಇಲ್ಲಿ ಡಬ್ಲಿನ್‌ನಲ್ಲಿ ಸಹೋದ್ಯೋಗಿಗಳೊಂದಿಗೆ ಇಂಥದ್ದೇ ಒಂದು ಲೀಗಿನಲ್ಲಿ ಇದ್ದೆ. ನಡೆಸುತ್ತಿದ್ದವರು ಪಂದ್ಯಗಳನ್ನು ಮೊದಲೇ ಓಡಿಸಿ, ರೆಕಾರ್ಡ್ ಮಾಡಿ, ವಾರದ ಕೊನೆಯಲ್ಲಿ ತೋರಿಸುತ್ತಿದ್ದರು. ಅವರ ಸ್ವಂತ ಪೈಲ್ವಾನ್ ಸತತವಾಗಿ ಗೆಲ್ಲತೊಡಗಿದಾಗ, ತಮಗೆ ಬೇಕಾದ ಫಲಿತಾಂಶ ಬರುವವರೆಗೆ ಪಂದ್ಯವನ್ನು ಮತ್ತೆ ಮತ್ತೆ ಓಡಿಸುತ್ತಿದ್ದಾರೆಂಬ ಅನುಮಾನ ಹುಟ್ಟಿತು. ಅವರು ಹಾಗೆ ಮಾಡಿದ್ದರೋ ಇಲ್ಲವೋ, ಲೀಗ್ ಮಾತ್ರ ಅಲ್ಲಿಗೆ ನಿಂತಿತು. ಪ್ರತಿ ಪಂದ್ಯವೂ ನೇರವಾಗಿಯೇ ನಡೆಯಬೇಕು, ನಡೆಸುವವರ ಪೈಲ್ವಾನ್ ಲೀಗಿನಲ್ಲಿ ಇರಬಾರದು.

ಎರಡನೆಯದಾಗಿ, ಲಾಜಿಕ್‌ಗೆ ಬೀಗ ಹಾಕುವ ವ್ಯವಸ್ಥೆ ಬೇಕು. ಮೊದಲ ವಾರ ಸೋತವನು ರಾತ್ರೋರಾತ್ರಿ ತನ್ನ ಪೈಲ್ವಾನನನ್ನು ತಿದ್ದಿ, ಮುಂದಿನ ಎದುರಾಳಿಗೆ ಹೇಳಿ ಮಾಡಿಸಿದಂತೆ ಸಜ್ಜುಗೊಳಿಸಿದರೆ ಅದು ಲೀಗ್ ಎನಿಸುವುದಿಲ್ಲ. ಪೈಲ್ವಾನರನ್ನು, ಆಟಗಾರರು ತಾವು ಮಾಡಿದ್ದನ್ನು ಹಂಚಿಕೊಳ್ಳುವ ಸ್ಟೀಮ್ ವರ್ಕ್‌ಶಾಪ್‌ಗೆ ಏರಿಸಿದರೆ ಯಾವ ದಿನ ಬದಲಾವಣೆ ಆಯಿತೆಂಬುದು ಆ ಪುಟದಲ್ಲೇ ಎಲ್ಲರಿಗೂ ಕಾಣುತ್ತದೆ. ಕೊನೆಯ ದಿನಾಂಕ ಮುಗಿದ ಮೇಲೆಯೇ ಜೋಡಿ ಪ್ರಕಟವಾಗಲಿ. ಎದುರಾಳಿ ಯಾರೆಂದು ತಿಳಿದು ಲಾಜಿಕ್ ಬರೆಯುವ ಅವಕಾಶ ಯಾರಿಗೂ ಇರಬಾರದು.

ಸೂತ್ರಧಾರ:
ಕಡಲಾಚೆಯವರ ಎರಡು ಮಾತನ್ನೂ ಒಪ್ಪಿದೆ. ನನ್ನ ಪೈಲ್ವಾನನನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಏಳು ವಾರ ಯಾರೂ ಏನನ್ನೂ ಮುಟ್ಟಬಾರದೆಂದರೆ ಮೊದಲ ಮೂರು ಪಂದ್ಯ ಸೋತವರು ಪ್ರಸಾರ ನೋಡುವುದನ್ನೇ ಬಿಟ್ಟಾರು. ನಾಲ್ಕನೇ ವಾರದ ನಂತರ ಒಂದೇ ಒಂದು ಸಲ, ಎಲ್ಲರಿಗೂ ಒಂದೇ ದಿನ, ಲಾಜಿಕ್ ತಿದ್ದಲು ಅವಕಾಶ ಕೊಟ್ಟರೆ ಹೇಗೆ? ಬಲಾಬಲದ ಅಂಕಗಳನ್ನು ಮುಟ್ಟುವಂತಿಲ್ಲ.

ಲೆಕ್ಕಿಗ:
ಆ ಒಂದು ತಿದ್ದುಪಡಿ ನಿಜಕ್ಕೂ ಅಗತ್ಯ. ಉದಾಹರಣೆಗೆ, ಎದುರಾಳಿಯನ್ನು ರಿಂಗಿನಿಂದ ಹೊರಗೆ ಎಳೆದೊಯ್ಯುವ ಪ್ರಮಾಣವನ್ನು ಹೊಸಬರು ಜೋಶ್‌ನಲ್ಲಿ ಹೆಚ್ಚಾಗಿ ಇಟ್ಟುಬಿಡುತ್ತಾರೆ. ಅಂಥ ಇಬ್ಬರು ಎದುರಾದರೆ ಹೊರಗೇ ಹೊಡೆದಾಡುತ್ತ ರೆಫರಿಯ ಎಣಿಕೆ ಮುಗಿದು ಇಬ್ಬರೂ ಔಟ್ ಆಗುತ್ತಾರೆ. ಹಾಗೆಯೇ ಎದುರಾಳಿ ಇನ್ನೂ ಪೆಟ್ಟೇ ತಿನ್ನದಿರುವಾಗ ದೊಡ್ಡ ಪಟ್ಟಿಗೆ ಶೇ 40 ಕೊಟ್ಟಿದ್ದರೆ, ಈ ಆಟದಲ್ಲಿ ಅದು ಫಲಿಸದೆ ತಿರುಗಿ ಬೀಳುತ್ತದೆ; ಮೊದಲು ಸಣ್ಣ ಪಟ್ಟು, ಆಮೇಲೆ ಮಧ್ಯಮ, ಕೊನೆಗೆ ದೊಡ್ಡದು ಎಂಬ ಏರಿಕೆಯೇ ಇದರ ಜೀವಾಳ. ಇದನ್ನು ಕಾಗದದ ಮೇಲೆ ಕಲಿಸಲಾಗುವುದಿಲ್ಲ, ತನ್ನ ಪೈಲ್ವಾನ್ ಸೋಲುವುದನ್ನು ನೋಡಿಯೇ ಕಲಿಯಬೇಕು.

ಒಂದೇ ಪಂದ್ಯದ ಬದಲು ಮೂರರಲ್ಲಿ ಎರಡು ಗೆದ್ದವನನ್ನು ವಿಜೇತನೆನ್ನಬೇಕೆಂದು ಕೆಲವರು ನನಗೆ ಖಾಸಗಿಯಾಗಿ ಬರೆದಿದ್ದಾರೆ, ಅದೃಷ್ಟದ ಪಾಲು ತಗ್ಗುತ್ತದೆಂಬುದು ಅವರ ವಾದ. ಲೆಕ್ಕ ಹಾಕಿ ನೋಡಿ: ಒಂದು ಪಂದ್ಯದಲ್ಲಿ ಗೆಲ್ಲುವ ಸಂಭವ ಶೇ 60 ಇರುವವನಿಗೆ ಮೂರು ಪಂದ್ಯಗಳ ಸರಣಿಯಲ್ಲಿ ಅದು ಸುಮಾರು ಶೇ 65 ಆಗುತ್ತದೆ, ಅಷ್ಟೇ. ಐದು ಅಂಶಗಳ ಲಾಭಕ್ಕಾಗಿ ಎರಡು ಗಂಟೆಯ ಪ್ರಸಾರವನ್ನು ಐದಾರು ಗಂಟೆಗೆ ಹಿಗ್ಗಿಸಿದರೆ ನೋಡುವವರು ಯಾರು?

ಹಳೇಟೇಪು:
ಅದೃಷ್ಟದ ಮಾತು ಬಂದಿರುವುದರಿಂದ ಕೇಳುತ್ತೇನೆ, 'ಕ್ರಿಟಿಕಲ್' ಇರುತ್ತದೆಯೇ? ಎಷ್ಟೇ ಮೇಲುಗೈ ಸಾಧಿಸಿದ್ದರೂ ಒಂದು ಏಟಿಗೆ ಪರದೆಯ ಮೇಲೆ ಆ ಪದ ಮೂಡಿ ಪಂದ್ಯ ಅಲ್ಲೇ ಮುಗಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದುಹಾಕಬಹುದು.

ಮಟ್ಟಿಮಣ್ಣು:
ತೆಗೆಯಬೇಡಿ. ಮಣ್ಣಿನ ಅಖಾಡದಲ್ಲೂ ಒಂದೇ ಪಟ್ಟಿಗೆ ಚಿತ್ ಆಗುವ ದೊಡ್ಡ ಪೈಲ್ವಾನರಿದ್ದಾರೆ, ಜನ ಎದ್ದು ನಿಲ್ಲುವುದು ಅಂಥ ಗಳಿಗೆಯಲ್ಲೇ. ಅದಿಲ್ಲದಿದ್ದರೆ ಕೆಳಗಿನ ಸ್ಥಾನದವನಿಗೆ ಆಸೆಯೇ ಉಳಿಯುವುದಿಲ್ಲ.

ಅಂದಹಾಗೆ, ಮೈಸೂರಿನ ಗರಡಿಗಳ ಈಗಿನ ಪೈಲ್ವಾನರ ಹೆಸರು, ಮುಖಗಳನ್ನು ಇಟ್ಟು ಒಂದು ತಂಡ ಮಾಡುವುದಾಗಿ ಬಳಗದ ಕೆಲವರು ಉತ್ಸಾಹದಿಂದ ಹೇಳಿಕೊಂಡಿದ್ದಾರೆ. ಅದು ನನಗೆ ಸರಿಕಾಣುವುದಿಲ್ಲ. ಬದುಕಿರುವ ವ್ಯಕ್ತಿಯನ್ನು ಅವನಿಗೆ ಹೇಳದೆ ನಮ್ಮ ಪರದೆಯ ಮೇಲೆ ಸೋಲಿಸಿ, ಅದರ ಮೇಲೆ ಮೂದಲಿಕೆಯನ್ನೂ ಬರೆಯುವುದು ಯಾವ ನ್ಯಾಯ? ಹೆಸರು, ಗರಡಿ, ಗುರು ಎಲ್ಲವೂ ಕಲ್ಪಿತವಾಗಿರಲಿ.

ಕಡಲಾಚೆ:
ಪೂರ್ಣ ಒಪ್ಪಿಗೆ. ಪ್ರವೇಶದ ಸಂಗೀತಕ್ಕೂ ಸಿನಿಮಾ ಹಾಡುಗಳು ಬೇಡ. ಯೂಟ್ಯೂಬ್ ಹಾಡನ್ನು ತಾನಾಗಿಯೇ ಗುರುತಿಸಿ ಹಕ್ಕುದಾರರ ಪರವಾಗಿ ಪ್ರಸಾರವನ್ನು ತಡೆಯಬಹುದು. ಯಾರಿಗಾದರೂ ಡೊಳ್ಳು, ತಮಟೆ ಬಾರಿಸಲು ಬಂದರೆ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಲಿ.

ಸೂತ್ರಧಾರ:
ಸರಿ, ಕ್ರಿಟಿಕಲ್ ಇರುತ್ತದೆ, ಡ್ರಾಕ್ಕೆ ಸೊನ್ನೆ, ಕಲ್ಪಿತ ಹೆಸರುಗಳು ಮಾತ್ರ. ಅಂಕ ಸಮವಾದರೆ ಅವರಿಬ್ಬರ ನಡುವಿನ ಪಂದ್ಯದಲ್ಲಿ ಗೆದ್ದವನು ಮೇಲೆ. ಪಂದ್ಯದ ಕೊನೆಗೆ ಆಟವೇ ತೋರಿಸುವ ಶೇಕಡಾವಾರು ಮೌಲ್ಯಾಂಕವನ್ನು ಸ್ಥಾನ ನಿರ್ಧರಿಸಲು ಬಳಸುವುದಿಲ್ಲ, ಏಕೆಂದರೆ ಬೇಗ ಗೆಲ್ಲುವವನಿಗೆ ಅದರಿಂದ ಅನ್ಯಾಯವಾಗುತ್ತದೆ. ಪಂದ್ಯದ ನಡುವೆ ಕರೆಂಟ್ ಹೋದರೆ ಅದನ್ನು ರದ್ದೆಂದು ತಿಳಿದು ಮೊದಲಿನಿಂದ ಓಡಿಸಲಾಗುವುದು. ಗೆಲ್ಲುವ ಹಂತದಲ್ಲಿದ್ದವರಿಗೆ ಬೇಸರವಾಗುತ್ತದೆ, ಆದರೆ ಬೇರೆ ದಾರಿಯಿಲ್ಲ. ಆಟ ಇಲ್ಲದವರು ಪಟ್ಟುಗಳನ್ನೂ ಸ್ವಭಾವವನ್ನೂ ಬರೆದು ಕೊಟ್ಟರೆ ಲೆಕ್ಕಿಗರು ಪೈಲ್ವಾನನನ್ನು ಸಿದ್ಧಪಡಿಸಿಕೊಡುತ್ತಾರೆ.

ಹಳೇಟೇಪು:
ಯಂತ್ರದ ತೀರ್ಪಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಹಾಗಾಗಿ ನಾನು ಪೈಲ್ವಾನನನ್ನು ಕಳಿಸುವುದಿಲ್ಲ. ಆದರೆ ಪ್ರಸಾರಕ್ಕೆ ವೀಕ್ಷಕ ವಿವರಣೆ ಕೊಡುವವರು ಬೇಕಲ್ಲವೇ, ಆ ಮೈಕನ್ನು ನನಗೆ ಕೊಡಿ. ವಾರದ ಬರಹಗಳನ್ನೆಲ್ಲ ಶುಕ್ರವಾರ ರಾತ್ರಿಯೊಳಗೆ ನನಗೆ ತಲುಪಿಸಿದರೆ ಪಂದ್ಯಕ್ಕೆ ಮುಂಚೆ ನಾನೇ ಓದುತ್ತೇನೆ. ಒಬ್ಬೊಬ್ಬರಿಗೆ ಇನ್ನೂರು ಪದಗಳ ಮಿತಿ.