140 ವಿಎಂ ಕ್ಲೌಡ್‌ಗೆ ಹೋಗಬೇಕು: 4 ನೋಡ್ ಸಾಕಾ, 8 ಬೇಕಾ?

ಪ್ರಶ್ನೆ

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ನಮ್ಮ ಸರ್ವರ್ ರೂಮಿನಲ್ಲಿ 140 ವಿಎಂ (ಸರ್ವರ್ ಒಳಗೆ ಓಡುವ ವರ್ಚುವಲ್ ಕಂಪ್ಯೂಟರ್) ಇವೆ. ಒಟ್ಟು 620 ವಿಸಿಪಿಯು (ವಿಎಂಗಳಿಗೆ ಹಂಚಿದ ವರ್ಚುವಲ್ ಸಿಪಿಯು), 1,900 ಜಿಬಿ ರ‍್ಯಾಮ್. ಡಿಸ್ಕ್ ಹಂಚಿರುವುದು 58 ಟಿಬಿ, ತುಂಬಿರುವುದು 30 ಟಿಬಿ. ಹಾರ್ಡ್‌ವೇರ್ ವಾರಂಟಿ ಮುಗಿಯುತ್ತಾ ಬಂತು. ಅಜೂರ್ ವಿಎಂವೇರ್ ಸೊಲ್ಯೂಷನ್‌ಗೆ (ವಿಎಂವೇರ್ ವಿಎಂಗಳನ್ನು ಓಡಿಸುವ ಮೈಕ್ರೋಸಾಫ್ಟ್ ಕ್ಲೌಡ್ ಸೇವೆ) ಹೋಗೋಣ ಅಂತಿದ್ದಾರೆ. ಎವಿ36 ನೋಡ್ (ಅಲ್ಲಿ ಬಾಡಿಗೆಗೆ ಸಿಗುವ ಒಂದು ಬಗೆಯ ಸರ್ವರ್) ಕೋಟ್ ಬಂದಿದೆ. ಒಬ್ಬ ವೆಂಡರ್ 8 ನೋಡ್ ಅಂದ, ಇನ್ನೊಬ್ಬ 4 ಸಾಕು ಅಂದ. ಯಾರನ್ನು ನಂಬೋದು? ಮಾಡಿದವರು ಹೇಳಿ.

ಉತ್ತರ

ಸರ್, ಇಬ್ಬರೂ ಡಿಸ್ಕ್ ಒಂದನ್ನೇ ನೋಡಿ ಹೇಳಿದ ಹಾಗಿದೆ. ಒಬ್ಬರು 58 ಹಿಡಿದಿದ್ದಾರೆ, ಇನ್ನೊಬ್ಬರು 30.

ಎವಿ36 ಒಂದಕ್ಕೆ 36 ಕೋರ್, 576 ಜಿಬಿ ರ‍್ಯಾಮ್, 15.2 ಟಿಬಿ ಡಿಸ್ಕ್. ಆ 15.2 ಪೂರ್ತಿ ನಿಮ್ಮ ಕೈಗೆ ಸಿಗಲ್ಲ. ನೋಡ್ ಕೆಟ್ಟರೂ ಡೇಟಾ ಉಳಿಯಲಿ ಅಂತ ವಿಸ್ಯಾನ್ (ಎಲ್ಲ ನೋಡ್‌ಗಳ ಡಿಸ್ಕ್ ಒಟ್ಟುಗೂಡಿಸುವ ಸಾಫ್ಟ್‌ವೇರ್) ಒಂದಿಷ್ಟು ಜಾಗ ತಿನ್ನುತ್ತೆ. ಅದರ ಮೇಲೆ 25% ಖಾಲಿ ಬಿಡಬೇಕು, ಇಲ್ಲದಿದ್ದರೆ ಎಸ್‌ಎಲ್‌ಎ (ಸೇವೆ ನಿಲ್ಲಲ್ಲ ಅಂತ ಕಂಪನಿ ಕೊಡುವ ಖಾತರಿ) ಅನ್ವಯಿಸಲ್ಲ.

ನಿಮ್ಮ 30 ಟಿಬಿಯನ್ನೇ ತಗೊಳ್ಳಿ. ರೇಡ್ ಅಂದರೆ ಡೇಟಾವನ್ನು ಹೆಚ್ಚುವರಿ ಪ್ರತಿ ಇಟ್ಟು ಕಾಯುವ ವಿಧಾನ. ರೇಡ್-1 ಆದರೆ ಎರಡು ಪಟ್ಟು, 60. ಖಾಲಿ ಜಾಗ ಸೇರಿಸಿದರೆ 80 (60 ಅನ್ನೋದು 80ರ 75%). ಅಂದರೆ 6 ನೋಡ್. ಅದೇ ರೇಡ್-5 ಆದರೆ 1.33 ಪಟ್ಟು, 40. ಖಾಲಿ ಜಾಗ ಸೇರಿ 53 ಚಿಲ್ಲರೆ. 4 ನೋಡ್ ಸಾಕು. ರೇಡ್ ಆಯ್ಕೆ ಒಂದು ಬದಲಾದರೆ ಎರಡು ನೋಡ್ ವ್ಯತ್ಯಾಸ! ರೇಡ್-5ಕ್ಕೆ ಕನಿಷ್ಠ 4 ನೋಡ್ ಬೇಕು, ಅದು ನೆನಪಿರಲಿ. ನೋಡ್ 6 ಮುಟ್ಟಿದರೆ ಎಸ್‌ಎಲ್‌ಎ ನಿಯಮವೇ ಬೇರೆ, ಎರಡು ನೋಡ್ ಕೆಟ್ಟರೂ ತಡೆಯಬೇಕು. ಆಗ ರೇಡ್-6, ಒಂದೂವರೆ ಪಟ್ಟು. 58 ಟಿಬಿಗೆ ಆ ಲೆಕ್ಕ ಹಾಕಿ ನೋಡಿ: 87, ಖಾಲಿ ಜಾಗ ಸೇರಿ 116. 15.2ರಿಂದ ಭಾಗಿಸಿದರೆ 8 ನೋಡ್. ವೆಂಡರ್ ಹೇಳಿದ 8 ಬಂದಿದ್ದು ಇಲ್ಲಿಂದಲೇ ಇರಬೇಕು.

ಹಾಗಂತ 4ಕ್ಕೂ ಸಹಿ ಹಾಕಬೇಡಿ. ಅಲ್ಲಿ ರ‍್ಯಾಮ್ ಅಡ್ಡ ಬರುತ್ತೆ. 4 ನೋಡ್ ಅಂದ್ರೆ 2,304 ಜಿಬಿ. ಒಂದು ನೋಡ್ ಬಿದ್ದ ದಿನ ಉಳಿಯುವುದು 1,728. ನಿಮಗೆ ಬೇಕಿರುವುದು 1,900. ವಿಸೆಂಟರ್ (ವಿಎಂಗಳನ್ನು ನಿರ್ವಹಿಸುವ ಸಾಫ್ಟ್‌ವೇರ್), ಎನ್‌ಎಸ್‌ಎಕ್ಸ್ (ನೆಟ್‌ವರ್ಕ್ ನೋಡಿಕೊಳ್ಳುವುದು) ಕೂಡ ಇದೇ ನೋಡ್‌ಗಳ ಗುಂಪಿನಲ್ಲಿ ಕೂತು ತಮ್ಮ ಪಾಲು ತಗೊಳ್ಳುತ್ತವೆ. 5 ನೋಡ್ ಇದ್ದರೆ ಒಂದು ಬಿದ್ದರೂ 2,304 ಉಳಿಯುತ್ತೆ. ಆಗ 144 ಕೋರ್‌ಗೆ 620 ವಿಸಿಪಿಯು, ಅಂದರೆ ಕೋರ್‌ಗೆ 4.3. ಇಆರ್‌ಪಿ (ಲೆಕ್ಕ, ಸ್ಟಾಕ್, ಸಂಬಳ ನೋಡುವ ಸಾಫ್ಟ್‌ವೇರ್), ಫೈಲ್ ಸರ್ವರ್, ಆಫೀಸ್ ಕೆಲಸಕ್ಕೆ ನಡೆಯುತ್ತೆ. ಡಿಸ್ಕ್ ರೇಡ್-5ರಲ್ಲಿ ಸುಮಾರು 42 ಟಿಬಿವರೆಗೂ ಬೆಳೆಯಬಹುದು. ನನ್ನ ಓಟು 5ಕ್ಕೆ.

ಇನ್ನೊಬ್ಬರು

5 ಸರಿ ಅನ್ನಿಸುತ್ತೆ. ಆದರೆ ಆ ಅಂಕಿಗಳು ಬಂದಿದ್ದು ಎಲ್ಲಿಂದ? ಆರ್‌ವಿಟೂಲ್ಸ್ (ವಿಎಂಗಳ ಪಟ್ಟಿ ತೆಗೆಯುವ ಸಾಫ್ಟ್‌ವೇರ್) ಎಕ್ಸೆಲ್ ಆದರೆ ಅದು ಆ ಕ್ಷಣದ ಫೋಟೋ ಅಷ್ಟೇ. ಯಾರಿಗೆ ಎಷ್ಟು ಕೊಟ್ಟಿದ್ದೀರಿ ಅಂತ ಹೇಳುತ್ತೆ, ತಿಂಗಳ ಕೊನೆಗೆ ಸಂಬಳ, ಸ್ಟಾಕ್ ಕ್ಲೋಸಿಂಗ್ ಓಡುವಾಗ ಏನಾಗುತ್ತೆ ಅಂತ ಹೇಳಲ್ಲ. ಹಾಗಂತ ವಿಸೆಂಟರ್ ಗ್ರಾಫ್ ನೋಡಿ ನೆಮ್ಮದಿ ಪಡಬೇಡಿ. ಹಿಂದಿನ ತಿಂಗಳ ಗ್ರಾಫ್‌ನಲ್ಲಿ ಒಂದೊಂದು ಚುಕ್ಕೆಯೂ 2 ಗಂಟೆಯ ಸರಾಸರಿ. 20 ನಿಮಿಷ ಸಿಪಿಯು ಪೂರ್ತಿ ಮೇಲೆ ಹೋಗಿ ಇಳಿದಿದ್ದರೆ ಅಲ್ಲಿ ಕಾಣಲ್ಲ. ಬಳಕೆಯನ್ನು ಆಗಾಗ ಅಳೆದು ದಾಖಲಿಸುವ ಕಲೆಕ್ಟರ್ ಹಾಕಿ, ತಿಂಗಳ ಕೊನೆ ಒಂದಾದರೂ ಸಿಕ್ಕಿಬೀಳಲಿ. ಸಿಪಿಯು ರೆಡಿಯನ್ನೂ (ವಿಎಂ ಸಿಪಿಯುಗಾಗಿ ಕಾಯುವ ಸಮಯ) ಅದರಲ್ಲೇ ನೋಡಿ.

ರ‍್ಯಾಮ್‌ನಲ್ಲಿ ಇನ್ನೊಂದು ತಂಟೆ. "ಆ್ಯಕ್ಟಿವ್ ಮೆಮೊರಿ" (ಈಚೆಗೆ ಮುಟ್ಟಿದ ಮೆಮೊರಿ ಅಷ್ಟೇ) ತುಂಬಾ ಕಮ್ಮಿ ತೋರಿಸುತ್ತೆ. ಅದನ್ನು ಹಿಡಿದುಕೊಂಡು ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್‌ನ ರ‍್ಯಾಮ್ ಅರ್ಧ ಮಾಡಿದರೆ ಮುಗೀತು. ಅದು ಕ್ಯಾಶ್‌ಗೆ ಅಂತ ಹಿಡಿದಿಟ್ಟುಕೊಂಡಿರುತ್ತೆ. ಕಿತ್ತುಕೊಂಡರೆ ಓದೋದೆಲ್ಲ ಡಿಸ್ಕ್‌ನಿಂದಲೇ.

ಮತ್ತೊಬ್ಬರು

ಆಫ್ ಆಗಿ ಬಿದ್ದಿರುವ ವಿಎಂ, ವರ್ಷ ಹಳೆಯ ಸ್ನ್ಯಾಪ್‌ಶಾಟ್ (ವಿಎಂನ ಹಿಂದಿನ ಸ್ಥಿತಿಯ ಪ್ರತಿ), ಯಾವ ವಿಎಂಗೂ ಸೇರದ ವಿಎಂಡಿಕೆ (ವಿಎಂನ ಡಿಸ್ಕ್ ಫೈಲ್), ಇವನ್ನು ಮೊದಲೇ ತೆಗೆದುಹಾಕಿ. ಅಟ್ಟದ ಮೇಲಿನ ಸಾಮಾನನ್ನೂ ಲಾರಿಗೆ ಹೇರಿ ಬಾಡಿಗೆ ಯಾಕೆ ಕೊಡಬೇಕು? ಆದರೆ ಓಡುತ್ತಿರುವ ವಿಎಂಗಳ ಸೈಜ್ ಈಗ ಮುಟ್ಟಬೇಡಿ. ಇದ್ದ ಹಾಗೇ ಸಾಗಿಸಿ, ಆಮೇಲೆ ಕತ್ತರಿಸಿ. ಎರಡೂ ಒಟ್ಟಿಗೆ ಮಾಡಿದರೆ, ಇಆರ್‌ಪಿ ನಿಧಾನ ಅಂತ ಫೋನ್ ಬಂದಾಗ ಕ್ಲೌಡ್ ಕಾರಣವಾ, ನಿಮ್ಮ ಕತ್ತರಿ ಕಾರಣವಾ ಗೊತ್ತಾಗಲ್ಲ. ಮೊದಲೇ ರೈಟ್‌ಸೈಜ್ ಮಾಡಿ (ಬೇಕಾದಷ್ಟಕ್ಕೆ ಕತ್ತರಿಸಿ) ಅನ್ನುವವರು ಜಾಸ್ತಿ ಇದ್ದಾರೆ, ನಾನು ಒಪ್ಪಲ್ಲ.

ಡಿಡ್ಯೂಪ್ (ಒಂದೇ ಡೇಟಾ ಎರಡು ಸಲ ಇಡದಿರುವುದು), ಕಂಪ್ರೆಷನ್‌ನಿಂದ ಅರ್ಧ ಜಾಗ ಉಳಿಯುತ್ತೆ ಅಂತ ಕೋಟ್‌ನಲ್ಲಿ ಬರೆದಿದ್ದರೆ ಹೊಡೆದುಹಾಕಿ. ಸ್ಕ್ಯಾನ್ ಮಾಡಿದ ಪಿಡಿಎಫ್, ಫೋಟೋ, ಎನ್‌ಕ್ರಿಪ್ಟ್ ಆದ ಡೇಟಾಬೇಸ್ ಹೆಚ್ಚೇನೂ ಕುಗ್ಗಲ್ಲ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿಜ, ಆರ್‌ವಿಟೂಲ್ಸ್ ಅಂಕಿಗಳೇ ಅವು. ನಮ್ಮ ಇಂಟರ್ನೆಟ್ ಲೈನ್ 1 ಜಿಬಿಪಿಎಸ್. ಸಾಕಾಗುತ್ತಾ? ಕ್ಯಾಡ್ (ಕಂಪ್ಯೂಟರ್ ವಿನ್ಯಾಸ) ಡ್ರಾಯಿಂಗ್‌ಗಳೇ 9 ಟಿಬಿ ಇವೆ.

ಮೊದಲು ಉತ್ತರಿಸಿದವನು

30 ಟಿಬಿಗೆ ಲೈನ್ ಪೂರ್ತಿ ಸಿಕ್ಕರೂ 67 ಗಂಟೆ ಹತ್ತಿರ. ಪೂರ್ತಿ ಸಿಗಲ್ಲ, ಹಗಲು ಆಫೀಸಿನವರೂ ಬಳಸುತ್ತಾರೆ ಅಲ್ವಾ. ಎಚ್‌ಸಿಎಕ್ಸ್‌ನಲ್ಲಿ (ವಿಎಂ ಸಾಗಿಸುವ ವಿಎಂವೇರ್ ಸಾಫ್ಟ್‌ವೇರ್) ಬ್ಯಾಚ್ ಮಾಡಿ ರಾತ್ರಿ ಕಳಿಸಿದರೆ ನಡೆಯುತ್ತೆ. ದಿನಕ್ಕೆ ಎಷ್ಟು ಡೇಟಾ ಬದಲಾಗುತ್ತೆ ಅಂತ ಮಾತ್ರ ಅಳೆದುಕೊಳ್ಳಿ. ಬದಲಾಗುವುದು ಸಾಗಿಸುವುದಕ್ಕಿಂತ ವೇಗವಾಗಿದ್ದರೆ ಸಿಂಕ್ ಮುಗಿಯೋದೇ ಇಲ್ಲ.

ಕ್ಯಾಡ್ ಫೈಲ್ ನಿಮ್ಮ ಸರ್ವರ್ ರೂಮಿನಲ್ಲೇ ಬಿಡಿ ಸರ್. ದೊಡ್ಡ ಅಸೆಂಬ್ಲಿ ಡ್ರಾಯಿಂಗನ್ನು ಪ್ರತಿ ಸಲ ಕ್ಲೌಡ್‌ನಿಂದ ತೆರೆಯುತ್ತಾ ಕೂತರೆ ಡಿಸೈನ್ ವಿಭಾಗದವರು ನಿಮ್ಮನ್ನು ಬಿಡಲ್ಲ. 9 ಹೋದರೆ ಉಳಿಯುವುದು 21 ಟಿಬಿ. ಆದರೂ ನೋಡ್ 5ಕ್ಕಿಂತ ಇಳಿಯಲ್ಲ, ರ‍್ಯಾಮ್ ಹಿಡಿದುಕೊಂಡಿದೆ.

2023ರಲ್ಲಿ ಬ್ರಾಡ್‌ಕಾಂ ವಿಎಂವೇರ್ ಕೊಂಡ ಮೇಲೆ ಲೈಸೆನ್ಸ್ ಕಥೆಯೂ ಬದಲಾಗಿದೆ. ನೋಡ್ ದರದಲ್ಲಿ ಲೈಸೆನ್ಸ್ ಸೇರಿದೆಯಾ, ನೀವೇ ತರಬೇಕಾ ಅಂತ ಬರೆಸಿಕೊಳ್ಳಿ. ಲೈಸೆನ್ಸ್ ಕೋರ್ ಲೆಕ್ಕದಲ್ಲಿ, 5 ನೋಡ್ ಅಂದ್ರೆ 180 ಕೋರ್. ಮತ್ತೆ ವರ್ಷಗಟ್ಟಲೆ ನೋಡ್ ಕಾಯ್ದಿರಿಸುವ ರಿಸರ್ವೇಷನ್‌ಗೆ ಈಗಲೇ ಸಹಿ ಬೇಡ, ಎಷ್ಟೇ ಡಿಸ್ಕೌಂಟ್ ತೋರಿಸಲಿ. ಎಲ್ಲ ಸಾಗಿಸಿ, ವಿಎಂ ಕತ್ತರಿಸಿ ಆದಮೇಲೆ 4ಕ್ಕೆ ಇಳಿಯುವ ಹಾಗಿದ್ದರೆ ಆಗ ಮಾಡಿ.