ಕೊನೆಯ ಬೆಂಚಿಗೆ ಕಾಣದ ಬೋರ್ಡು

ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ಗುಂಪಿಗೆ ಭಾನುವಾರ ಬೆಳಗ್ಗೆ ಮಾನಿಟರ್ ಒಂದು ಫಾರ್ವರ್ಡ್ ಹಾಕಿದ. ಶಾಲೆ ಬಿಟ್ಟು ಮೂವತ್ತು ವರ್ಷ ದಾಟಿದರೂ ಅವನು ಮಾನಿಟರೇ. ಈಗ ಅಡ್ಮಿನ್ ಕೂಡ. ‘ಶೇ 80ರಷ್ಟು ಕಲಿಕೆ ಕಣ್ಣಿನಿಂದಲೇ! ನಿಮ್ಮ ಮಗು ದಡ್ಡ ಅಲ್ಲ, ಅದಕ್ಕೆ ಕಾಣ್ತಿಲ್ಲ! ಓದಲು ತೊಡಕಾಗುವ ಡಿಸ್ಲೆಕ್ಸಿಯಾ, ಗಮನ ನಿಲ್ಲದ ಎಡಿಎಚ್‌ಡಿ ಎಲ್ಲವೂ ಕಣ್ಣಿನ ದೋಷವೇ!’ ಕೆಂಪು ಅಕ್ಷರ, ಕನ್ನಡಕ ಹಾಕಿದ ಮಗುವಿನ ಚಿತ್ರ, ಸಾಲಾಗಿ ಕೈಮುಗಿದ ಇಮೋಜಿಗಳು. ಅವನ ಮಗ ಗಣಿತದಲ್ಲಿ ಕಡಿಮೆ ಅಂಕ ತಂದ ವಾರ ಅದು. ಫಾರ್ವರ್ಡ್ ಮಾಡೋದಕ್ಕೆ ಅಷ್ಟು ಸಾಕಲ್ವಾ.

ಕೆಳಗೆ ಇನ್ನೂ ಉದ್ದ ಇತ್ತು. ಯಾರೂ ಅಲ್ಲಿವರೆಗೆ ಹೋಗಲಿಲ್ಲ.

ಮೊದಲು ಬಂದವನು ಸೋರ್ಸ್ ಸುಬ್ಬ. ಇಂಜಿನಿಯರು. ಗುಡ್ ಮಾರ್ನಿಂಗ್ ಹಾಕಿದರೂ ಪುರಾವೆ ಕೇಳುವ ಜಾತಿ. ‘80 ಎಲ್ಲಿಂದ ಬಂತು? ಯಾರು ಅಳೆದರು?’ ಮಾನಿಟರ್ ಗೂಗಲ್‌ನ ಸ್ಕ್ರೀನ್‌ಶಾಟ್ ಕಳಿಸಿದ. ‘ಇದು ಸೋರ್ಸ್ ಅಲ್ಲ, ಇದೂ ಫಾರ್ವರ್ಡೇ. ಕಣ್ಣು ಕಾಣದವರು ಬ್ರೈಲ್‌ನಲ್ಲಿ ಓದಿ ಡಿಗ್ರಿ ಮಾಡ್ತಾರೆ. ಅವರು ಬರೀ ಶೇ 20 ಕಲಿತರಾ?’ ಅಂದ ಸುಬ್ಬ.

ಪ್ರಶ್ನೆ ಚೆನ್ನಾಗಿತ್ತು. ಆ 80 ಬಹಳ ಕಾಲದಿಂದ ಜಾಹೀರಾತಿನಿಂದ ಜಾಹೀರಾತಿಗೆ ಸುತ್ತುತ್ತಿದೆ. ಆದರೆ ಮಾನಿಟರ್‌ಗೆ ಪ್ರಶ್ನೆ ಮುಖ್ಯ ಅಲ್ಲ, ಕೇಳಿದವನು ಮುಖ್ಯ. ‘ನಿನಗೆ ಎಲ್ಲದರಲ್ಲೂ ಹುಳುಕು. ಕೊರೊನಾ ಟೈಮಲ್ಲಿ ಕಷಾಯದ್ದು ಹಾಕಿದಾಗಲೂ ಹೀಗೇ ಆಡಿದ್ದೆ.’ ಸುಬ್ಬ ಬಿಡಲಿಲ್ಲ. ‘ಕಷಾಯ ಇರಲಿ, 2019ರ ಗೆಟ್‌ಟುಗೆದರ್ ಲೆಕ್ಕ ಎಲ್ಲಿ?’

ಅಷ್ಟರಲ್ಲಿ ಗಣಿತದ ಮೇಷ್ಟ್ರ ವಾಯ್ಸ್ ನೋಟ್ ಬಂತು. ನಿವೃತ್ತರಾಗಿ ಎಷ್ಟೋ ಕಾಲವಾಗಿದೆ, ದನಿ ಮಾತ್ರ ಹಾಗೇ ಇದೆ. ‘ಈಗಿನ ಮಕ್ಕಳಿಗೆ ಮೊಬೈಲೇ ಗುರು. ನಾವು ಬುಡ್ಡಿ ದೀಪದಲ್ಲಿ ಓದಿದವರು, ನಮಗ್ಯಾರಿಗೆ ಕನ್ನಡಕ ಇತ್ತು? ಮಕ್ಕಳನ್ನು ಅಂಗಳಕ್ಕೆ ಬಿಡಿ, ಆಡಲಿ. ಶಿಸ್ತು ಬಂದರೆ ಎಲ್ಲ ತಾನಾಗಿ ಬರುತ್ತೆ.’ ಶಿಸ್ತಿಗೂ ಕಣ್ಣಿಗೂ ಏನು ಸಂಬಂಧವೋ ಕಾಣೆ. ಅಂಗಳದ ಮಾತು ಮಾತ್ರ ನಿಜ. ಚೀನಾದ ಗುವಾಂಗ್‌ಜೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲೇ ದಿನಕ್ಕೆ 40 ನಿಮಿಷ ಜಾಸ್ತಿ ಹೊರಗೆ ಕಳೆಯಲು ಬಿಟ್ಟು ನೋಡಿದರು. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗುವ ದೋಷ, ಬಂದವರು ಅವರಲ್ಲಿ ಶೇ 30ರಷ್ಟು, ಉಳಿದ ಶಾಲೆಗಳಲ್ಲಿ ಶೇ 40ರ ಹತ್ತಿರ. 2015ರಲ್ಲಿ ಪ್ರಕಟವಾದ ಅಧ್ಯಯನ ಅದು. ಈ ಇಳಿಕೆಗೆ ಹೊರಗಿನ ಬೆಳಕೇ ಕಾರಣ ಅಂತ ಜಾಸ್ತಿ ಜನ ತಜ್ಞರು ನಂಬುತ್ತಾರೆ. ನಾನು ಇದನ್ನು ಟೈಪ್ ಮಾಡುವಷ್ಟರಲ್ಲಿ ಗುಂಪು ಬೇರೆ ಊರು ಸೇರಿತ್ತು.

ಬುಡ್ಡಿ ದೀಪ ಅಂದದ್ದೇ ತಡ, ಕಡ್ಲೆ ಎದ್ದ. ಪಾಠದ ನಡುವೆ ಜೇಬಿನಿಂದ ಕಡ್ಲೆಕಾಯಿ ತಿಂದು ಸಿಕ್ಕಿಬಿದ್ದ ಹೆಸರು ಇವತ್ತಿಗೂ ಹೋಗಿಲ್ಲ. ‘ನೆನಪಿದೆಯೇನ್ರೋ, ಶನಿವಾರ ಇದ್ದಿಲು, ತೊಂಡೆ ಸೊಪ್ಪು ಅರೆದು ಬೋರ್ಡಿಗೆ ಬಳೀತಿದ್ವಿ! ಸೋಮವಾರ ಎಷ್ಟು ಕಪ್ಪಗೆ ಹೊಳೀತಿತ್ತು!’ ಹೃದಯಗಳ ಮಳೆ. ಯಾರ ಅಂಗಿಗೆ ಮಸಿ ಆಯ್ತು, ಯಾರು ಯಾರಿಗೆ ಸೊಪ್ಪು ಎಸೆದರು ಅಂತೆಲ್ಲ ಮಾತು ಹೊರಟಿತು. ಅದರ ಮಧ್ಯೆ ಲಂಬೂ ಒಂದೇ ಸಾಲು ಬರೆದ.

‘ನನಗೆ ಆ ಬೋರ್ಡು ಯಾವತ್ತೂ ಕಂಡಿಲ್ಲ.’

ಲಂಬೂ ನಮ್ಮ ಕ್ಲಾಸಿನ ಎತ್ತರದ ಹುಡುಗ. ಮೇಷ್ಟ್ರು ಎತ್ತರ ನೋಡಿ ಕೂರಿಸುತ್ತಿದ್ದರು, ಅವನಿಗೆ ಕೊನೆಯ ಬೆಂಚು. ಪಕ್ಕದವನ ನೋಟ್ಸ್ ನೋಡಿ ಬರೀತಿದ್ದ. ‘ಏನು ಬರೆದಿದ್ದಾರೆ’ ಅಂತ ಪಿಸುಗುಟ್ಟಿದರೆ ಮಾನಿಟರ್ ಅವನ ಹೆಸರನ್ನು ‘ಮಾತಾಡಿದವರು’ ಪಟ್ಟಿಗೆ ಹಾಕುತ್ತಿದ್ದ. ಆಮೇಲೆ ಬೆತ್ತ. ಹತ್ತನೇ ಕ್ಲಾಸಿನಲ್ಲಿ ಗಣಿತ ಹೋಯಿತು. ಕನ್ನಡಕ ಬಂದದ್ದು ಡ್ರೈವಿಂಗ್ ಲೈಸೆನ್ಸಿಗೆ ಕಣ್ಣು ತೋರಿಸಲು ಹೋದಾಗ. ‘ಅಲ್ಲಿವರೆಗೆ ಬಸ್ಸಿನ ಬೋರ್ಡ್ ಓದಿದವನಲ್ಲ. ಕಂಡಕ್ಟರ್ ಕೂಗಿದ್ದು ಕೇಳಿ ಹತ್ತುತ್ತಿದ್ದೆ.’

ಮಾನಿಟರ್ ಉತ್ತರ: ‘ನಾನೇನು ಸುಮ್ನೆ ಬರೀತಿದ್ನಾ? ನೀನು ಮಾತಾಡ್ತಿದ್ದೆ ತಾನೆ?’ ಬೆಳಗ್ಗೆ ‘ನಿಮ್ಮ ಮಗು ದಡ್ಡ ಅಲ್ಲ’ ಅಂತ ಹಾಕಿದವನು ಇವನೇ.

ಮೇಷ್ಟ್ರು ಕೇಳಿದರು, ‘ಕಾಣ್ತಿಲ್ಲ ಅಂತ ಅವತ್ತೇ ಹೇಳಬಹುದಿತ್ತಲ್ಲಪ್ಪ?’

ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ಹೇಳಲು ಅವನಿಗೆ ಗೊತ್ತಿರಬೇಕಲ್ಲ? ಹುಟ್ಟಿನಿಂದಲೋ ನಿಧಾನಕ್ಕೋ ಮಸುಕಾದ ಕಣ್ಣಿಗೆ ಲೋಕ ಇರುವುದೇ ಹಾಗೆ. ಬೇರೆಯವರಿಗೆ ಬೇರೆ ಥರ ಕಾಣುತ್ತದೆ ಅಂತ ಆ ಮಗು ಊಹಿಸುವುದಾದರೂ ಹೇಗೆ? ಈಗ ತುಮಕೂರು ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿರುವ ನಮ್ಮ ಗೆಳತಿ ಇದನ್ನೇ ನನಗಿಂತ ಚೆನ್ನಾಗಿ ಹೇಳಿದಳು. ‘ಸರ್, ಮಕ್ಕಳು ಹೇಳಲ್ಲ. ನಾವೇ ನೋಡಬೇಕು. ಕಣ್ಣು ಕಿರಿದು ಮಾಡೋದು, ತಲೆ ವಾಲಿಸೋದು, ಬೋರ್ಡ್ ಹತ್ತಿರ ಬಂದು ನಿಲ್ಲೋದು. ಒಂದೇ ಕಣ್ಣು ಮಂದ ಇದ್ದರೆ ಅದೂ ಗೊತ್ತಾಗಲ್ಲ, ಇನ್ನೊಂದು ಕಣ್ಣು ಎಲ್ಲ ನಿಭಾಯಿಸುತ್ತೆ. ಅದಕ್ಕೇ ಒಂದೊಂದೇ ಕಣ್ಣು ಮುಚ್ಚಿ ಚಾರ್ಟ್ ಓದಿಸ್ತೀವಿ. ಬೆರಳ ಸಂದಿಯಲ್ಲಿ ಇಣುಕೋ ಕಳ್ಳರೂ ಇದಾರೆ.’ ಮಂದಗಣ್ಣಿಗೆ ಚಿಕ್ಕ ವಯಸ್ಸಿನಲ್ಲೇ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು, ಏಳೆಂಟು ವರ್ಷ ದಾಟಿದರೆ ಕಷ್ಟ ಜಾಸ್ತಿ ಅಂತಲೂ ಬರೆದಳು. ದೂರದ ಚಾರ್ಟ್ ಸರಾಗವಾಗಿ ಓದುವ ಮಗುವಿಗೂ ದೂರದೃಷ್ಟಿ, ಅಂದರೆ ಹತ್ತಿರದ್ದು ನೋಡಲು ಕಷ್ಟವಾಗುವ ದೋಷ, ಇರಬಹುದು. ಅದು ಪುಸ್ತಕ ಹಿಡಿದರೆ ಸುಸ್ತಾಗುತ್ತದೆ, ಎದ್ದು ಓಡುತ್ತದೆ, ನಾವು ಸೋಮಾರಿ ಅನ್ನುತ್ತೇವೆ.

‘ವರ್ಷಕ್ಕೊಮ್ಮೆ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಬರುತ್ತೆ, ಕನ್ನಡಕ ಉಚಿತವಾಗಿ ಸಿಗುತ್ತೆ. ಆಮೇಲೆ ಹುಡುಗಿಯರ ಕನ್ನಡಕ ಬ್ಯಾಗಿಂದ ಹೊರಗೇ ಬರಲ್ಲ. ಮದುವೆಗೆ ತೊಂದರೆ ಅಂತ ಮನೆಯವರೇ ಬೇಡ ಅಂತಾರೆ’ ಅಂತ ಇನ್ನೊಂದು ಮೆಸೇಜ್. ಇದಕ್ಕೆ ಬಂದ ಉತ್ತರ ಎರಡು ಹೆಬ್ಬೆರಳು.

ಅಮೆರಿಕದ ಮೇರಿಲ್ಯಾಂಡಿನಲ್ಲಿರುವ ಗೆಳತಿ ಪಕ್ಕದ ಬಾಲ್ಟಿಮೋರ್‌ನ ಅಧ್ಯಯನದ ಬಗ್ಗೆ ಬರೆದಳು. ಶಾಲೆಗೇ ಹೋಗಿ ಕಣ್ಣು ನೋಡಿ ಕನ್ನಡಕ ಕೊಟ್ಟರು. ಒಂದು ವರ್ಷದಲ್ಲಿ ಓದಿನ ಅಂಕ ಏರಿತು, ತೀರಾ ಹಿಂದಿದ್ದ ಮಕ್ಕಳದ್ದು ಜಾಸ್ತಿ ಏರಿತು. ಎರಡನೇ ವರ್ಷಕ್ಕೆ ಆ ಲಾಭ ಉಳಿಯಲಿಲ್ಲ, ಬಹುಶಃ ಕನ್ನಡಕ ಕಳೆದೋ ಹಾಕದೆಯೋ ಇದ್ದದ್ದಕ್ಕೆ. 2021ರಲ್ಲಿ ಬಂದ ಫಲಿತಾಂಶ. ಬೆಳಗ್ಗಿನಿಂದ ಸುಬ್ಬ ಕೇಳುತ್ತಿದ್ದ ಸೋರ್ಸ್ ಇದೇ ಅಲ್ವಾ? ಅವನು ನೋಡಲೇ ಇಲ್ಲ, 2019ರ ಊಟದ ಬಿಲ್ಲಿನ ಫೋಟೋ ಹುಡುಕುತ್ತಿದ್ದ. ಮಾನಿಟರ್ ಮಾತ್ರ ನೋಡಿ ‘ಅಮೆರಿಕದ್ದು ನಮಗೆ ಬೇಡ’ ಅಂದ. ಅವನಿಗೇ ಬೆಂಬಲ ಕೊಡುವ ಅಧ್ಯಯನ ಅದು!

ಮಧ್ಯಾಹ್ನದ ಮೇಲೆ, ಸಾಮಾನ್ಯವಾಗಿ ಸುಮ್ಮನಿರುವ ಒಬ್ಬಳು ಬರೆದಳು. ‘ನನ್ನ ಮಗನಿಗೆ ಡಿಸ್ಲೆಕ್ಸಿಯಾ. ಕಣ್ಣು 6/6, ದೃಷ್ಟಿ ಪೂರ್ತಿ ಸರಿ. ಕಣ್ಣಿನ ದೋಷ ಅಂತ ನಂಬಿ ಒಂದು ವರ್ಷ ಎಲ್ಲೆಲ್ಲೋ ವ್ಯಾಯಾಮ ಮಾಡಿಸಿದ್ವಿ. ಓದು ಒಂದಿಂಚೂ ಮುಂದೆ ಹೋಗಲಿಲ್ಲ. ಮಾನಿಟರ್, ನೀನು ಹಾಕಿದ್ದರ ಕೊನೆ ಸಾಲು ಓದಿದ್ಯಾ?’

ಆಗ ಎಲ್ಲರೂ ಕೆಳಗೆ ಸರಿಸಿ ನೋಡಿದರು. ಆನ್‌ಲೈನ್ ಕಣ್ಣಿನ ವ್ಯಾಯಾಮದ ಕೋರ್ಸು, ಇವತ್ತೇ ಸೇರಿದರೆ ರಿಯಾಯಿತಿ, ಹಣ ಕಟ್ಟಲು ಲಿಂಕು.

ಅವಳ ಮಾತಿಗೆ ಗಟ್ಟಿ ಆಧಾರ ಇದೆ. ಡಿಸ್ಲೆಕ್ಸಿಯಾ ಕಣ್ಣಿನ ದೋಷದಿಂದ ಬರುವುದಲ್ಲ, ಕಣ್ಣಿನ ವ್ಯಾಯಾಮಕ್ಕೋ ಬಣ್ಣದ ಕನ್ನಡಕಕ್ಕೋ ಹೋಗುವುದಿಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಇಂಥ ಮಕ್ಕಳ ಕಣ್ಣನ್ನೂ ನೋಡಲೇಬೇಕು, ಬೇರೆ ದೋಷ ಇದ್ದರೆ ಸರಿಪಡಿಸಬೇಕು. ಆದರೆ ಅಕ್ಷರ ಕಲಿಸುವ ವಿಧಾನವೇ ಬೇರೆ ಬೇಕು. ಆ ತಾಯಿಗೆ ಹೋದ ವರ್ಷವನ್ನು ಯಾವ ರಿಯಾಯಿತಿ ವಾಪಸ್ ಕೊಡುತ್ತದೆ?

‘ನಾನು ಫಾರ್ವರ್ಡ್ ಮಾಡಿದ್ದಷ್ಟೇ’ ಅಂದ ಮಾನಿಟರ್. ಕಡ್ಲೆ ಯಾವುದೋ ಹಳೇ ಗ್ರೂಪ್ ಫೋಟೋ ಹಾಕಿ ವಾತಾವರಣ ತಿಳಿ ಮಾಡಲು ನೋಡಿದ. ಆಗಲಿಲ್ಲ.

ಸಂಜೆ ಮೇಷ್ಟ್ರು ವಾಯ್ಸ್ ನೋಟ್ ಬಿಟ್ಟು ಟೈಪ್ ಮಾಡಿದರು, ‘ಲಂಬೂ, ಈಗ ನಂಬರ್ ಎಷ್ಟು?’

‘ಮೈನಸ್ ನಾಲ್ಕೂವರೆ ಸರ್. ಎರಡೂ ಕಣ್ಣು.’

ಸುಬ್ಬ ಬಂದ. ‘ಒಂದು ಮೀಟರನ್ನು 4.5ರಿಂದ ಭಾಗಿಸಿ. ಕನ್ನಡಕ ಇಲ್ಲದೆ 22 ಸೆಂಟಿಮೀಟರ್‌ಗಿಂತ ಆಚೆ ಎಲ್ಲ ಮಸುಕು. ಶಾಲೆಯಲ್ಲಿ ಇಷ್ಟು ಇರಲಿಲ್ಲ ಅಂದ್ಕೊಂಡರೂ, ಕೊನೆಯ ಬೆಂಚಿಂದ ಬೋರ್ಡಿಗೆ ಏಳೆಂಟು ಮೀಟರ್ ಇತ್ತು.’

‘22.22’ ಅಂತ ತಿದ್ದಿದರು ಮೇಷ್ಟ್ರು. ಸ್ವಲ್ಪ ಹೊತ್ತಿನ ಮೇಲೆ, ‘ಎತ್ತರ ನೋಡಿ ಕೂರಿಸಿದ್ದು ನಾನೇ.’

ಲಂಬೂ ಕೈಮುಗಿದ ಇಮೋಜಿ ಹಾಕಿದ. ಸುಬ್ಬ ಮತ್ತೆ ಬಿಲ್ಲಿನ ವಿಷಯ ತೆಗೆದ. ಮಾನಿಟರ್ ಗುಂಪನ್ನು ‘ಅಡ್ಮಿನ್ ಮಾತ್ರ’ ಮಾಡಿದ.